ಹತ್ತೊಂಬತ್ತು ವಾಲ್ವಿನ ಮನೆ

“ನಿಮ್ಮ ಎತ್ತರ ಎಷ್ಟು?”

ಪರಿಚಯವಿಲ್ಲದ ಗಂಡಸೊಬ್ಬ ಚೈತ್ರಾಳನ್ನು ಕೇಳಿದ ಮೊದಲ ಪ್ರಶ್ನೆ ಇದು. ಅದೂ ಎಲ್ಲಿ? ಅವಳದೇ ಹೊಸ ಮನೆಯ, ಇನ್ನೂ ಬಾಗಿಲು ಕೂರಿಸದ ಬಚ್ಚಲುಮನೆಯಲ್ಲಿ.

ಚೈತ್ರಾ ಹಿರಿಯೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅವಳು ಕನ್ನಡಕ ಸರಿಮಾಡಿಕೊಂಡರೆ ಸಾಕು, ಹತ್ತನೇ ಕ್ಲಾಸಿನ ಹುಡುಗರು ಬೆಂಚಿನ ಮೇಲೆ ನೆಟ್ಟಗಾಗುತ್ತಾರೆ. ಈಗಲೂ ಸರಿಮಾಡಿಕೊಂಡಳು. ಇವನು ನೆಟ್ಟಗಾಗಲಿಲ್ಲ. ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಕೈಯಲ್ಲಿ ಟೇಪು ಹಿಡಿದು, ಉತ್ತರಕ್ಕೆ ಕಾಯುತ್ತ ನಿಂತಿದ್ದ.

‘ಎಷ್ಟು ಧೈರ್ಯ ಇವನಿಗೆ...’

“ನನ್ನ ಎತ್ತರ ಕಟ್ಕೊಂಡು ನಿಮಗೇನಾಗ್ಬೇಕ್ರೀ?”

“ನನಗಲ್ಲ, ಷವರಿಗೆ ಬೇಕು. ಸುಮ್ನೆ ಏಳಡಿಗೆ ಹಾಕಿ ಹೋದ್ರೆ, ನಾಳೆ ಬೋರ್ ನೀರಿಗೆ ಅದು ಕಟ್ಕೊಂಡಾಗ ಸ್ಟೂಲ್ ಹತ್ತೋರು ನೀವು.”

ಮಾತಿನಲ್ಲಿ ತಪ್ಪು ಹುಡುಕಲು ಅವಳು ಒಂದು ಕ್ಷಣ ಪ್ರಯತ್ನಪಟ್ಟಳು. ಸಿಗಲಿಲ್ಲ.

“ಐದಡಿ ಮೂರಿಂಚು.”

ಅವನು ಅವಳ ಕಾಲಿನತ್ತ ಒಮ್ಮೆ ನೋಡಿ, ಗೋಡೆಯ ಮೇಲೆ ಗುರುತು ಹಾಕಿದ. “ಚಪ್ಪಲಿ ಬಿಟ್ರೆ ಐದಡಿ ಎರಡು,” ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಅವನೇ ಓಬಳೇಶ್. ಮಾರಿಕಣಿವೆಯವನು, ಪ್ಲಂಬರ್. ಅವನ ಹೆಸರು ತಿಳಿಯುವುದಕ್ಕೂ ಮೊದಲೇ ಚೈತ್ರಾ ಅವನ ಮೇಲೆ ಸಿಟ್ಟಾಗಿದ್ದಳು. ಆ ಸಿಟ್ಟಿಗೆ ಕಾರಣ ಅವಳು ಸುಳ್ಳು ಹೇಳಿದ ಒಂದು ಇಂಚು. ಅದನ್ನು ಮಾತ್ರ ಅವಳು ಯಾರ ಹತ್ತಿರವೂ ಒಪ್ಪಿಕೊಳ್ಳಲಿಲ್ಲ.

ಅವನನ್ನು ಕರೆಸಿದ್ದವರು ಅವಳ ಅಪ್ಪ ಸಣ್ಣತಿಮ್ಮಪ್ಪ. ಮಾರಿಕಣಿವೆ ಕಾಲುವೆಯಲ್ಲಿ ಮೂವತ್ನಾಲ್ಕು ವರ್ಷ ಸೌಡಿಯಾಗಿದ್ದವರು. ತೂಬು ತಿರುಗಿಸಿ, ಇವತ್ತು ಯಾರ ತೋಟಕ್ಕೆ ನೀರು, ನಾಳೆ ಯಾರ ಗದ್ದೆಗೆ ಎಂದು ಸರದಿಯಂತೆ ಬಿಡುವ ಕೆಲಸ. ಆಗ ಅವರನ್ನು ಕಂಡರೆ ದೊಡ್ಡ ದೊಡ್ಡ ರೈತರೂ ಬೈಕು ನಿಲ್ಲಿಸಿ ಮಾತಾಡಿಸುತ್ತಿದ್ದರು. ನಿವೃತ್ತರಾಗಿ ಎರಡು ವರ್ಷ. ಈಗ ಯಾರೂ ಬೈಕು ನಿಲ್ಲಿಸುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಗುತ್ತದೆ, ಎದ್ದು ಏನು ಮಾಡಬೇಕೋ ಅವರಿಗೆ ತಿಳಿಯುವುದಿಲ್ಲ.

ಹೀಗಾಗಿ ಹೊಸ ಮನೆಯ ನೀರಿನ ಪ್ಲಾನು ಅವರೇ ಬರೆದಿದ್ದರು, ಯಾರದೋ ಲಗ್ನಪತ್ರಿಕೆಯ ಹಿಂದೆ. ಎರಡು ಬಚ್ಚಲು, ಒಂದು ಅಡುಗೆಮನೆ ಇರುವ ಮನೆಗೆ ಹತ್ತೊಂಬತ್ತು ವಾಲ್ವ್! ಒಂದೊಂದು ನಲ್ಲಿಗೂ ಬೇರೆ ಬೇರೆ. ಎಲ್ಲವೂ ಹಿತ್ತಲ ಗೋಡೆಯಲ್ಲಿ ಸಾಲಾಗಿ, ಎದುರಿಗೆ ಅವರಿಗೊಂದು ಕುರ್ಚಿ. ಬೆಳಿಗ್ಗೆ ಆರಕ್ಕೆ ಚೈತ್ರಾಳ ಬಚ್ಚಲಿಗೆ ನೀರು, ಆರೂ ಇಪ್ಪತ್ತಕ್ಕೆ ಬಂದ್, ಆಮೇಲೆ ಅಡುಗೆಮನೆಯ ಸರದಿ.

ತಲೆಗೆ ಶಾಂಪೂ ಹಚ್ಚಿಕೊಂಡಿರುವಾಗ ಸರದಿ ಮುಗಿದರೆ ಏನು ಗತಿ ಎಂದು ಚೈತ್ರಾ ಕೇಳಿದಳು. ಬೇಗ ಹಚ್ಚಿಕೊಳ್ಳಬೇಕು ಎಂದರು ಅಪ್ಪ.

ಓಬಳೇಶ್ ನಗಲಿಲ್ಲ. ಲಗ್ನಪತ್ರಿಕೆಯನ್ನು ಪರೀಕ್ಷೆಯ ಪೇಪರಿನಂತೆ ಓದಿದ. ಕಾಲುವೆಯಲ್ಲಿ ಸರದಿ ಹೇಗೆ ನಡೆಯುತ್ತಿತ್ತು, ಜಗಳ ಬಂದಾಗ ಏನು ಮಾಡುತ್ತಿದ್ದಿರಿ ಎಂದೆಲ್ಲ ವಿಚಾರಿಸಿದ. ಸಣ್ಣತಿಮ್ಮಪ್ಪ ಇಟ್ಟಿಗೆ ರಾಶಿಯ ಮೇಲೆ ಕುಳಿತು ಮಧ್ಯಾಹ್ನದವರೆಗೂ ಹೇಳಿದರು. ಅಷ್ಟು ಹೊತ್ತು ಅಪ್ಪ ಮಾತಾಡಿದ್ದನ್ನು ಚೈತ್ರಾ ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಸಂಜೆ ಅವಳು ಅವನನ್ನು ಒಂದು ಕಡೆ ನಿಲ್ಲಿಸಿಕೊಂಡು, ಐದು ವಾಲ್ವ್ ಸಾಕು, ಅಪ್ಪನಿಗೆ ನೀವೇ ತಿಳಿಸಿ ಹೇಳಿ ಎಂದಳು.

“ಯಜಮಾನ್ರು ಹತ್ತೊಂಬತ್ತು ಅಂದವ್ರೆ. ಹತ್ತೊಂಬತ್ತೇ ಹಾಕ್ತೀನಿ, ಟೀಚರ್.”

“ಹಾಗಾದ್ರೆ ಒಂದು ಮಾತು. ನಮ್ಮಪ್ಪನ್ನ ಯಾರೂ ಆಡ್ಕೋಬಾರ್ದು. ನೀವೂ ಅಷ್ಟೇ.”

ಅವನು ತಲೆಯಾಡಿಸಿದ.

ಅಂದಿನಿಂದ ಚೈತ್ರಾ ಶಾಲೆ ಬಿಟ್ಟ ಮೇಲೆ ದಿನವೂ ಸೈಟಿಗೆ ಬರತೊಡಗಿದಳು. ಕೆಲಸದ ಮೇಲೆ ಒಂದು ಕಣ್ಣಿಡಬೇಕಲ್ಲ! ಮೊದಲ ವಾರ ಕಣ್ಣು ಪೈಪಿನ ಮೇಲೇ ಇತ್ತು. ಎರಡನೆಯ ವಾರದ ಹೊತ್ತಿಗೆ ಸ್ವಲ್ಪ ಆಚೀಚೆ ಹೋಯಿತು.

ಅದಕ್ಕೆ ಕಾರಣ ಅಡುಗೆಮನೆಯ ಸಿಂಕು. ಅವಳ ಅಮ್ಮ ಚಿತ್ತಮ್ಮ ಗಿಡ್ಡ ಹೆಂಗಸು. ಓಬಳೇಶ್ ಅವರನ್ನು ಬರೀ ಗೋಡೆಯ ಮುಂದೆ ನಿಲ್ಲಿಸಿ, ಪಾತ್ರೆ ತೊಳೆಯುವ ಹಾಗೆ ಮಾಡಿ ತೋರಿಸಿ ಎಂದ. ಚಿತ್ತಮ್ಮ ನಾಚಿಕೊಂಡೇ ಗಾಳಿಯಲ್ಲಿ ಒಂದು ಕುಕ್ಕರ್ ತಿಕ್ಕಿ, ತೊಳೆದು, ಬೋರಲು ಹಾಕಿದರು. ಅವರ ಮೊಣಕೈ ಎಲ್ಲಿಗೆ ಬಂತೋ ಅಲ್ಲಿಗೆ ಗುರುತು ಬಿತ್ತು. ಎಲ್ಲರ ಮನೆಗಿಂತ ಮೂರು ಇಂಚು ಕೆಳಗೆ. ತನ್ನ ಸೊಂಟದ ಯೋಗಕ್ಷೇಮ ಕೇಳಿದ ಮೊದಲ ಮನುಷ್ಯ ಇವನೇ ಎಂದು ಚಿತ್ತಮ್ಮ ಆ ವಾರವೆಲ್ಲ ಬೀದಿಗೆ ಸಾರಿದರು.

ಚೈತ್ರಾಳಿಗೆ ಅಂದು ಮನೆಗೆ ಹೋದರೂ ಆ ಸೀಮೆಸುಣ್ಣದ ಗೆರೆಯೇ ಕಣ್ಣ ಮುಂದೆ.

‘ಅಮ್ಮ ಇಷ್ಟು ವರ್ಷ ತುದಿಗಾಲಲ್ಲಿ ನಿಂತು ಪಾತ್ರೆ ತೊಳೆದಿದ್ದು ನನಗೇ ಕಾಣಲಿಲ್ಲ. ಇವನಿಗೆ ಹೇಗೆ ಕಂಡಿತು?’

ಪ್ರೀತಿ ಶುರುವಾಗಿದ್ದು ಅಲ್ಲೇ. ಅವಳು ಅದಕ್ಕೆ ‘ಮೇಲ್ವಿಚಾರಣೆ’ ಎಂದು ಹೆಸರಿಟ್ಟು ಇನ್ನೊಂದು ತಿಂಗಳು ದೂಡಿದಳು.

ಗೃಹಪ್ರವೇಶಕ್ಕೆ ಎಂಟು ದಿನ ಇರುವಾಗ ಪೈಪುಗಳಿಗೆ ನೀರು ಬಿಟ್ಟರು. ಹಿತ್ತಲ ಗೋಡೆಯಲ್ಲಿ ಹತ್ತೊಂಬತ್ತು ಹಿತ್ತಾಳೆ ವಾಲ್ವ್‌ಗಳು ಮೂರು ಸಾಲಾಗಿ ಹೊಳೆಯುತ್ತಿದ್ದವು. ಒಂದೊಂದಕ್ಕೂ ಕೆಂಪು ಬಣ್ಣದಲ್ಲಿ ನಂಬರು. ಸಣ್ಣತಿಮ್ಮಪ್ಪ ಒಂದೊಂದನ್ನೇ ತಿರುಗಿಸಿ ನೋಡಿ, ಹೆಗಲ ಟವೆಲಿನಿಂದ ಒರೆಸಿ, ಆಹ್ವಾನ ಪತ್ರಿಕೆ ಹಂಚಲು ಹೊಳಲ್ಕೆರೆಗೆ ಹೊರಟರು.

ಅಪ್ಪ ಅತ್ತ ಹೋಗುತ್ತಲೇ ಚೈತ್ರಾ ತನ್ನ ಬಚ್ಚಲಿನ ಏಳನೇ ನಂಬರನ್ನು ಮುಚ್ಚಿದಳು. ಒಳಗೆ ಹೋಗಿ ನಲ್ಲಿ ತಿರುಗಿಸಿದರೆ ಭರ್ರೆಂದು ನೀರು. ಎಂಟು ಮುಚ್ಚಿದಳು. ಆಗಲೂ ಬಂತು. ಓಡಾಡಿ ಓಡಾಡಿ ಎಲ್ಲವನ್ನೂ ಪರೀಕ್ಷಿಸಿದಳು. ವಿಜ್ಞಾನದ ಟೀಚರಲ್ಲವೇ, ಅರ್ಧಕ್ಕೆ ಬಿಡುವ ಜಾಯಮಾನವಲ್ಲ. ಕೊನೆಗೆ ಉತ್ತರ ಸಿಕ್ಕಿತು. ಐದು ಮಾತ್ರ ನಿಜವಾದ ವಾಲ್ವ್. ಉಳಿದ ಹದಿನಾಲ್ಕಕ್ಕೆ ಹಿಂದೆ ಪೈಪೇ ಇಲ್ಲ. ಸುಮ್ಮನೆ ಗೋಡೆಗೆ ಸಿಕ್ಕಿಸಿದ್ದು!

ಅವಳಿಗೆ ಅಪ್ಪ ಒಂದೊಂದನ್ನೂ ಟವೆಲಿನಿಂದ ಒರೆಸಿದ್ದು ನೆನಪಾಯಿತು.

ಓಬಳೇಶ್ ಟ್ಯಾಂಕಿನ ಹತ್ತಿರದಿಂದ ಇಳಿದು ಬಂದಾಗ ಅವಳು ಮೆಟ್ಟಿಲ ಕೆಳಗೇ ನಿಂತಿದ್ದಳು.

“ಹದಿನಾಲ್ಕು ಡಮ್ಮಿ. ಹೌದೋ ಅಲ್ವೋ?”

ಅವನ ಮುಖ ಬಾಡಿತು. “ಹೌದು.”

“ನಮ್ಮಪ್ಪ ನಿಮ್ಮ ಕಣ್ಣಿಗೆ ಅಷ್ಟು ದಡ್ಡನ ತರ ಕಂಡ್ರಾ? ಅವರು ತಿರುಗಿಸ್ತಾ ಕೂತ್ರೆ ನೀವು ನಗ್ತಾ ಕೂರೋದಕ್ಕಾ?”

“ಟೀಚರ್, ಒಂದೇ ಒಂದು ಕೇಳ್ಕಂತೀನಿ. ಯಜಮಾನ್ರಿಗೆ ಹೇಳ್ಬೇಡ್ರಿ.”

ಸಿಕ್ಕಿಬಿದ್ದವರೆಲ್ಲ ಕೇಳುವುದು ಇದನ್ನೇ ಎಂದುಕೊಂಡಳು ಚೈತ್ರಾ. ಇನ್ನು ಈ ಮನೆಗೆ ಕಾಲಿಡಬೇಡಿ ಎಂದುಬಿಟ್ಟಳು. ಅವನು ಚೀಲ ಹೆಗಲಿಗೇರಿಸಿಕೊಂಡು, ಹೋಗುವ ಮುಂಚೆ ಸೋರುತ್ತಿದ್ದ ಒಂದು ನಲ್ಲಿಯನ್ನು ಬಿಗಿ ಮಾಡಿ, ಹೊರಟುಹೋದ. ಆ ನಲ್ಲಿ ಬಿಗಿ ಮಾಡಿದ್ದಕ್ಕೇ ಅವಳಿಗೆ ಅಳು ಬಂತು.

ಮುಂದಿನ ಎಂಟು ದಿನ ಅವಳಿಗೆ ಊಟ ಸೇರಲಿಲ್ಲ. ಅಪ್ಪನಿಗೆ ಹೇಳಿದರೆ ಅವರ ಮನಸ್ಸು ಒಡೆಯುತ್ತದೆ. ಹೇಳದಿದ್ದರೆ ಆ ಮೋಸದಲ್ಲಿ ತಾನೂ ಪಾಲುದಾರಳು. ಇದರ ಮಧ್ಯೆ ಆ ಸುಡುಗಾಡು ಮನಸ್ಸು, ಬೀದಿಯಲ್ಲಿ ಯಾವ ಬೈಕು ಸದ್ದು ಮಾಡಿದರೂ ಕಿಟಕಿಗೆ ಓಡುತ್ತಿತ್ತು. ಆ ವಾರದ ಕಿರುಪರೀಕ್ಷೆಯಲ್ಲಿ ಹತ್ತನೇ ಕ್ಲಾಸಿನ ಅರ್ಧ ಜನ ಫೇಲಾದರು.

ಗೃಹಪ್ರವೇಶ ಬಂತು. ಓಬಳೇಶ್ ಬರಲಿಲ್ಲ.

ಮಧ್ಯಾಹ್ನ ಮೊದಲ ಪಂಕ್ತಿಯ ಊಟ ಮುಗಿದು, ಎಪ್ಪತ್ತು ಜನ ಎಂಜಲು ಕೈ ಹಿಡಿದುಕೊಂಡು ಹಿತ್ತಲಿಗೆ ಬಂದರು. ಸರಿಯಾಗಿ ಅದೇ ಹೊತ್ತಿಗೆ ಸಣ್ಣತಿಮ್ಮಪ್ಪ ಕೈಗಡಿಯಾರ ನೋಡಿ ಕುರ್ಚಿಯಿಂದ ಎದ್ದರು. ಕೈ ತೊಳೆಯುವ ನಲ್ಲಿಗಳ ಸರದಿ ಮುಗಿಯಿತು, ಇನ್ನು ಅಡುಗೆಯವರಿಗೆ ಬಿಡಬೇಕು ಎಂದು ಘೋಷಿಸಿ ಹನ್ನೊಂದು, ಹನ್ನೆರಡು, ಹದಿಮೂರನ್ನು ಗಟ್ಟಿಯಾಗಿ ಮುಚ್ಚಿದರು.

ಚೈತ್ರಾ ಕಣ್ಣು ಮುಚ್ಚಿಕೊಂಡಳು. ನೀರು ಧಾರಾಳವಾಗಿ ಬರುತ್ತಲೇ ಇತ್ತು. ಎಪ್ಪತ್ತು ಜನವೂ ಕೈ ತೊಳೆದರು. ಗುಂಪಿನಲ್ಲಿದ್ದ ಹಳೇ ರೈತರೊಬ್ಬರು, ಸೌಡಿ ಸಾಹೇಬರು ಇವತ್ತೂ ಡ್ಯೂಟಿ ಮೇಲಿದ್ದಾರೆ ಎಂದು ಕೈ ಮುಗಿದರು. ಎರಡು ವರ್ಷದಿಂದ ಜಗ್ಗಿದ್ದ ಅಪ್ಪನ ಭುಜ ನೆಟ್ಟಗಾಯಿತು.

ಅವಳಿಗೆ ಆಗ ಅರ್ಥವಾಯಿತು. ಓಬಳೇಶ್ ಯಾರನ್ನೂ ಆಡಿಕೊಂಡಿರಲಿಲ್ಲ. ಅಪ್ಪನಿಗೆ ಅವರ ಕೆಲಸವನ್ನು ವಾಪಸು ಕೊಟ್ಟಿದ್ದ, ಯಾರ ತಲೆಯ ಶಾಂಪೂವೂ ಉಳಿಯದ ಹಾಗೆ.

ನೆಂಟರು ಕರಗಿದ ಮೇಲೆ ಅವಳು ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಅವರೇ ಶುರು ಮಾಡಿದರು.

“ಆ ಹುಡುಗನ್ನ ಬೈದು ಕಳಿಸಿದ್ದೀಯ, ಅಲ್ವಾ?”

“ಅಪ್ಪಾ... ಈ ವಾಲ್ವ್‌ಗಳು...”

“ಹದಿನಾಲ್ಕು ಒಣಗಿದವು. ಗೊತ್ತೈತೆ ಬಿಡು.”

ಚೈತ್ರಾ ಬೆರಗಾಗಿ ಅವರ ಮುಖ ನೋಡಿದಳು.

“ಮೂವತ್ನಾಲ್ಕು ವರ್ಷ ತೂಬು ತಿರುಗಿಸಿದ ಕೈ ಕಣವ್ವ ಇದು. ಹಿಂದೆ ನೀರಿದ್ರೆ ಕೊನೇ ಸುತ್ತಿಗೆ ಒತ್ತಿ ಬರ್ತೈತೆ. ಮೊದಲನೇ ದಿನಾನೇ ತಿಳೀತು.”

“ಮತ್ತೆ ಯಾಕೆ ಸುಮ್ನಿದ್ರಿ?”

ಸಣ್ಣತಿಮ್ಮಪ್ಪ ಏಳನೇ ನಂಬರಿನ ಮೇಲೆ ಕೈಯಾಡಿಸಿದರು. “ಬ್ಯಾಡ ಅಂದು ಬಾಯಿ ಮುಚ್ಚಿಸೋರೇ ಎಲ್ರೂ. ಅವನು ಕುಂತು ಕೇಳ್ದ. ನಂಬರ್ ಬರೆದು, ಒಂದೊಂದಕ್ಕೂ ಗ್ರೀಸ್ ಹಾಕಿ ಕೊಟ್ಟ. ನನ್ನ ಮನಸ್ಸು ನೋಯಬಾರ್ದು ಅಂತ ಅಷ್ಟು ಕಷ್ಟ ಪಟ್ಟೋನ ಮನಸ್ಸು ನಾನು ನೋಯಿಸ್ಲಾ?” ಹೆಗಲ ಟವೆಲಿನಿಂದ ಆ ವಾಲ್ವನ್ನು ಒರೆಸಿ ಹೇಳಿದರು. “ನಾಳೆ ಭಾನುವಾರ. ಬೆಳಿಗ್ಗೆ ಮಾರಿಕಣಿವೆಗೆ ಬಸ್ಸೈತೆ.”

ಓಬಳೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಂಬುವುದು ಕಷ್ಟವಾಯಿತು. ಊರಿಗೆಲ್ಲ ಷವರ್ ಹಾಕುವವನ ಮನೆಗೆ ಅಂಗಳದಲ್ಲಿ ಒಂದೇ ಒಂದು ನಲ್ಲಿ! ಅದರಡಿ ಬಿಂದಿಗೆ ಇಟ್ಟುಕೊಂಡು ಅವನ ಅಮ್ಮ ಗಂಗಕ್ಕ ಕಾಯುತ್ತಿದ್ದರು. ಇವಳನ್ನು ಕಂಡು, ಬಾ ತಾಯಿ ಎಂದು ಕರೆದು, ಮಗನನ್ನು ಕೂಗಿ, ಕಾಫಿಗಿಡಲು ಒಳಗೆ ಹೋದರು.

ಓಬಳೇಶ್ ಬಂದು ಗಾಬರಿಯಿಂದ ನಿಂತ. ಯಾವುದಾದರೂ ಸೋರುತ್ತಿದೆಯೇ ಎಂದು ಕೇಳಿದ.

“ಏನೂ ಸೋರ್ತಿಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಂದೆ.” ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಉಳಿದ ಮಾತೆಲ್ಲ ಅವಳಿಗೆ ಮರೆತುಹೋಯಿತು. “ಅವತ್ತೇ ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ, ಅವ್ರು ವಾಲ್ವ್ ಮುಟ್ಟಿದಾಗ್ಲೆಲ್ಲ ನಿಮ್ಮ ಮುಖದಲ್ಲಿ ಕಾಣ್ತಿತ್ತು ಟೀಚರ್. ನಿಮಗೆ ಏನೂ ಬಚ್ಚಿಡಾಕೆ ಬರಲ್ಲ. ಒಂದು ಇಂಚೂ ಬಚ್ಚಿಡಾಕಾಗಲಿಲ್ಲ.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ಆದ್ರೂ ನಾನು ಒಂದು ಮೋಸ ಮಾಡಿವ್ನಿ,” ಎಂದ ಅವನು ನೆಲ ನೋಡುತ್ತ. “ನಿಮ್ಮನೆ ಕೆಲಸ ಇಪ್ಪತ್ತು ದಿನದ್ದು. ಎರಡು ತಿಂಗಳು ಎಳೆದೆ. ಸಂಜೆ ಐದಕ್ಕೆ ನೀವು ಬರ್ತಿದ್ರಲ್ಲ, ಅದಕ್ಕೆ.”

ಚೈತ್ರಾ ಕೈಚೀಲ ತೆರೆದು ಶಾಲೆಯ ಸೀಮೆಸುಣ್ಣದ ಒಂದು ತುಂಡು ತೆಗೆದಳು. ಮನೆಯ ಪಕ್ಕದ ಬರೀ ಗೋಡೆಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡಳು. ಈ ಸಲ ಅವನು ನೆಟ್ಟಗಾದ.

“ನಿಮ್ಮ ಎತ್ತರ ಎಷ್ಟು?”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕಿವಿಯವರೆಗೂ ಕೆಂಪಾಗಿ, ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತ. ಅವಳು ತುದಿಗಾಲಲ್ಲಿ ನಿಂತು ಅವನ ತಲೆಯ ಮೇಲೆ ಗೆರೆ ಎಳೆದಳು. ಅವನು ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಟೇಪೂ ಹಿಡಿಯದೆ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದ.

“ಐದಡಿ ಎರಡು,” ಎಂದ.

“ಹೂಂ. ಐದಡಿ ಎರಡೇ.”

“ಈ ಮನೆಗೆ ವಾಲ್ವ್ ಎಷ್ಟು ಹಾಕಾಣ, ಟೀಚರ್?”

“ಹತ್ತೊಂಬತ್ತು ಹಾಕ್ರಿ. ಮಗಳ ಮನೆಗೆ ಅಪ್ಪ ಬಂದು ಹೋಗ್ತಿರ್ತಾರಲ್ಲ.”

“ಅದ್ರಲ್ಲಿ ಹದಿನಾಲ್ಕು ಒಣಗಿದ್ದು. ಅವ್ರಿಗೆ ಗೊತ್ತಾಗ್ದಂಗೆ ಹಾಕ್ತೀನಿ.”

“ಹಾಗೇ ಹಾಕಿ,” ಎಂದಳು ಚೈತ್ರಾ, ಅವನ ಕೈ ಹಿಡಿದುಕೊಂಡು. “ಅವರಿಗೆ ಮೊದಲನೇ ದಿನಾನೇ ಗೊತ್ತಾಗಿತ್ತಂತೆ. ಅದಕ್ಕೇ ನನ್ನ ಬಸ್ಸು ಹತ್ತಿಸಿದ್ದು.”