ಚುಕ್ಕಿಗೆರೆ ಕೂಡಿಸಿದವನು

“ಏನ್ರೀ ಮಾಡಿಟ್ಟಿದೀರ ಇದು?”

ಅನಸೂಯ ನಲವತ್ತು ಹಾಳೆಗಳನ್ನು ಜೆರಾಕ್ಸ್ ಅಂಗಡಿಯ ಕೌಂಟರಿನ ಮೇಲೆ ಎಸೆದಳು. ಮಧುಗಿರಿಯ ಖಾಸಗಿ ಶಾಲೆಯಲ್ಲಿ ಪಿಟೀಲು ಕಲಿಸುವ ಈ ಮೆತ್ತನೆ ದನಿಯ ಟೀಚರು ಇಷ್ಟು ಜೋರಾಗಿ ಮಾತಾಡಿದ್ದನ್ನು ಆ ಬೀದಿ ಕೇಳಿದ್ದೇ ಮೊದಲು.

ಅಂಗಡಿಯ ರಂಗನಾಥ ಗಾಬರಿಯಾಗಿ ಎದ್ದು ನಿಂತ. “ಟೋನರ್ ಸರ್ಯಾಗಿ ಹತ್ತಿಲ್ಲ ಅನ್ಕೊಂಡೆ ಮೇಡಂ. ಗೆರೆಗಳು ಚುಕ್ಕಿ ಚುಕ್ಕಿಯಾಗಿ ಬಂದಿದ್ವು. ಅದಕ್ಕೇ ಪೆನ್ನಲ್ಲಿ ಒಂದೊಂದೂ ಕೂಡಿಸ್ಬುಟ್ಟೆ.”

ಕೂಡಿಸಿಬಿಟ್ಟನಂತೆ! ಉಪಕಾರ ಅಂದರೆ ಇದಪ್ಪಾ!

ಅದು ಯುರೋಪಿನ ಹಳೆಯ ಪಿಟೀಲು ಕನ್ಸರ್ಟೊ, ವಾದ್ಯವೃಂದದ ಜೊತೆ ನುಡಿಸುವ ಕೃತಿ. ವಿದ್ವಾಂಸರು ರಚನಕಾರನ ಕೈಬರಹಕ್ಕೆ ಹೋಲಿಸಿ ಅಚ್ಚು ಹಾಕಿಸಿದ ಪುಸ್ತಕ. ಸ್ವರಗಳ ಮೇಲೆ ತುಂಬುಗೆರೆ ಇದ್ದರೆ ಅದು ರಚನಕಾರನೇ ಬರೆದದ್ದು. ಚುಕ್ಕಿಗೆರೆ ಇದ್ದರೆ, ಸಂಪಾದಕರು ಊಹಿಸಿ ಸೇರಿಸಿದ್ದು. ಶನಿವಾರ ಬೆಂಗಳೂರಿನ ಪರೀಕ್ಷೆಯಲ್ಲಿ ಕೇಳುವುದೇ ಆ ವ್ಯತ್ಯಾಸವನ್ನು; ಫಲಿತಾಂಶವೂ ಅಂದೇ.

ಅವಳು ಆಗಲೇ ಎರಡು ಸಲ ಫೇಲಾಗಿದ್ದಳು. ಈ ಸಲವೂ ಆದರೆ ಪಿಟೀಲು ತರಗತಿಯನ್ನೇ ಮುಚ್ಚುತ್ತೇವೆ ಎಂದಿದ್ದರು ಶಾಲೆಯವರು. ಪುಸ್ತಕವೋ, ಬೆಂಗಳೂರಿನ ಗುರು ಜಗದಾಂಬ ಅವರದು. ನಿನ್ನೆ ಮಂಗಳವಾರವಷ್ಟೇ ಇದೇ ಅಂಗಡಿಯಿಂದ ಕೊರಿಯರ್‌ನಲ್ಲಿ ವಾಪಸ್ ಹೋಗಿತ್ತು. ಫೋಟೋ ಕಳಿಸಿ ಎನ್ನೋಣವೆಂದರೆ ಅವರ ಕೈಯಲ್ಲಿರುವುದು ಬಟನ್ ಫೋನು. ಹೋಗಿ ಬರೋಣವೆಂದರೆ ಇವಳಿಗೆ ಶನಿವಾರ ಬಿಟ್ಟು ಬೇರೆ ರಜೆ ಇಲ್ಲ.

“ಗೊತ್ತಿಲ್ದಿದ್ರೆ ಒಂದ್ಮಾತು ಕೇಳ್ಬೇಕು ತಾನೇ?” ಎಂದವಳೇ ಹೊರಟುಬಿಟ್ಟಳು.

ಗುರುವಾರ ಅಂಗಡಿಯ ಶಟರ್ ಎಳೆದಿತ್ತು. ಶುಕ್ರವಾರವೂ ಅಷ್ಟೇ.

‘ಮಾಡೋದೆಲ್ಲ ಮಾಡಿ ತಲೆ ಮರೆಸಿಕೊಂಡ...’ ಅವಳಿಗೆ ಮೈಯೆಲ್ಲ ಉರಿಯಿತು. ಇಂಥವನಿಗಾಗಿ, ಒಂದೇ ಸಲಕ್ಕೆ ಮುಗಿಯುವ ಜೆರಾಕ್ಸ್ ಕೆಲಸಕ್ಕೆ ಮೂರು ಸಲ ಬರುತ್ತಿದ್ದಳಲ್ಲ! ತನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು.

ಶುಕ್ರವಾರ ಸಂಜೆ ಶಾಲೆಯ ಗೇಟಿನಲ್ಲಿ ರಂಗನಾಥ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ, ಅಂಗಿ ಮುದ್ದೆಯಾಗಿತ್ತು.

“ಕೊರಿಯರ್ ಚೀಟೀಲಿ ಜಗದಾಂಬ ಅಮ್ಮಾವ್ರ ಅಡ್ರೆಸ್ ಇತ್ತು. ಹೋಗಿದ್ದೆ. ಪುಸ್ತಕ ಹೊರಗೆ ಕೊಡಲ್ಲ ಅಂದ್ರು. ಎರಡು ದಿನ, ಅವರ ಪಾಠಗಳ ಮಧ್ಯೆ ಬಿಡುವಾದಾಗೆಲ್ಲ ಅವರೆದುರಿಗೇ ಕೂತು ಪುಟಪುಟ ಫೋಟೋ ತೆಕ್ಕೊಂಡು, ಹೊಸ ಪ್ರತಿ ಮಾಡ್ಸಿದೀನಿ. ಚುಕ್ಕಿ ಹೆಂಗಿದೆಯೋ ಅಂಗೇ ಐತೆ, ಮುಟ್ಟಿಲ್ಲ.”

ಅವಳು ಹಾಳೆ ತಿರುವಿದಳು. ಎಲ್ಲ ಸರಿಯಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಹೇಳಿ ಹೋಗಕ್ಕೆ ಏನಾಗಿತ್ತು? ಎರಡು ದಿನ ನಿಮ್ಮನ್ನ ಎಷ್ಟು ಬೈದಿದೀನಿ ಗೊತ್ತಾ?”

“ಹೇಳಿ ಹೋಗಿ, ಪುಸ್ತಕ ಸಿಗದೇ ಬಂದಿದ್ರೆ ಇನ್ನೂ ಬೈಸ್ಕೋಬೇಕಿತ್ತು.”

“ಆ ಗೆರೆಗಳನ್ನ ಕೂಡ್ಸೋಕೆ ಎಷ್ಟು ದಿನ ಹಿಡೀತು?”

“ಮೂರು ದಿನ.”

“ಎಲ್ಲ ಗಿರಾಕಿಗೂ ಹಿಂಗೇ ಮಾಡ್ಕೊಡ್ತೀರಾ?”

ಅವನು ತಲೆ ತಗ್ಗಿಸಿದ. “ಇಲ್ಲ... ನಿಮಗೊಬ್ರಿಗೇ. ನೀವಂದ್ರೆ ನಂಗಿಷ್ಟ ಕಣ್ರೀ. ಅದನ್ನ ಹೇಳಕ್ಕೆ ಬರ್ದೇ ಗೆರೆ ಎಳ್ಕೊಂಡು ಕೂತೆ.”

ಅನಸೂಯಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹಾಳೆಗಳನ್ನು ಎದೆಗವಚಿಕೊಂಡಳು.

“ನಾಳೆ ಪಾಸಾದ್ರೆ, ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ.”

ಅವನ ಮುಖದ ಬಣ್ಣವೇ ಹಾರಿತು. “ಫೇಲಾದ್ರೆ?”

“ಆಗ್ಲೂ ಬನ್ನಿ. ಅಳ್ತಾ ಕೂತಿರ್ತೀನಿ, ಕಾಫಿ ಮಾತ್ರ ನೀವೇ ಮಾಡ್ಬೇಕು.”