ಕೈಯೊಳಗೆ ಎಷ್ಟು?

ಸೂಜಿ ಹಳೆ ಶರ್ಟಿನ ಗುಂಡಿ ಬಿಚ್ಚುತ್ತಿದ್ದಳು. ಬ್ಲೇಡನ್ನು ಗುಂಡಿಯ ಅಡಿಗೆ ತೂರಿಸಿ, ದಾರವನ್ನಷ್ಟೇ ಕತ್ತರಿಸಬೇಕು. ಸ್ವಲ್ಪ ವಾಲಿದರೂ ಬಟ್ಟೆ ಹರಿಯುತ್ತದೆ, ಇಲ್ಲವೇ ಬೆರಳು. ನಾಲ್ಕನೇ ಗುಂಡಿ ಇನ್ನೇನು ಕೈಗೆ ಬರಬೇಕು, ಅಷ್ಟರಲ್ಲಿ ತಮ್ಮ ಬಂದು ಸ್ಕೂಲ್ ಬ್ಯಾಗನ್ನು ಅವಳ ಕಾಲ ಮೇಲೆ ಎಸೆದ.

“ನೋಡ್ಕೊಂಡು ಎಸಿಯೋ. ಕೈಯಲ್ಲಿ ಬ್ಲೇಡ್ ಇದೆ.”

“ನಾನು ನಾಳೆಯಿಂದ ಸ್ಕೂಲಿಗೆ ಹೋಗಲ್ಲ.”

“ಸರಿ. ನಾಡಿದ್ದಿಂದ ಹೋಗು.”

ತಮ್ಮ ನಗಲಿಲ್ಲ. ಗೋಡೆಗೆ ಮುಖ ಮಾಡಿ ಕೂತ.

ಸೂಜಿ ಅನ್ನುವುದು ಅವಳ ನಿಜವಾದ ಹೆಸರಲ್ಲ, ತಾತ ಇಟ್ಟದ್ದು. ತೆಳ್ಳಗಿದ್ದಾಳೆ, ಬಾಯಿ ತೆಗೆದರೆ ಚುಚ್ಚುತ್ತಾಳೆ ಅಂತ. ಒಂದು ಕಡೆ ಕೂರದೆ ಗಿರಗಿರ ತಿರುಗುವ ತಮ್ಮನಿಗೆ ಬಾಬಿನ್ ಅಂತ ಇಟ್ಟಿದ್ದರು. ಹೊಲಿಗೆ ಮೆಷಿನ್ನಿನ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ತಿರುಗುತ್ತದಲ್ಲ, ಅದೇ ಬಾಬಿನ್. ತಾತ ಟೈಲರ್ ಆಗಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ.

ತಾತ ತೀರಿಕೊಂಡು ಹತ್ತು ವಾರವಾಗಿತ್ತು. ಈಗ ಅದೇ ಮೆಷಿನ್ನಿನ ಮುಂದೆ ಅಮ್ಮ ಕೂರುತ್ತಾಳೆ. ಹೊಸ ಬಟ್ಟೆ ಹೊಲಿಯುವುದು ಅವಳಿಗೆ ಬಾರದು. ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ, ಜಿಪ್ ಬದಲಿಸುತ್ತಾಳೆ, ಹರಿದ ಜೇಬಿಗೆ ತೇಪೆ ಹಾಕುತ್ತಾಳೆ. ತಾತ ತುಳಿದರೆ ಮೆಷಿನ್ ಒಂದೇ ಸಮನೆ ಓಡುತ್ತಿತ್ತು. ಅಮ್ಮ ತುಳಿದರೆ ಓಡುತ್ತದೆ, ನಿಲ್ಲುತ್ತದೆ, ಏನೋ ನೆನಪು ಮಾಡಿಕೊಂಡಂತೆ ಮತ್ತೆ ಓಡುತ್ತದೆ.

“ಏನಾಯ್ತು, ಹೇಳು,” ಅಂದಳು ಸೂಜಿ.

ಬಾಬಿನ್ ಲೆಕ್ಕದ ಪುಸ್ತಕ ತೆಗೆದು ಹಿಂದಕ್ಕೆ ಚಾಚಿದ. ಮುಖ ಮಾತ್ರ ಗೋಡೆ ಕಡೆಗೇ.

ಪುಟದ ತುಂಬ ಮನೆಗಳ ಚಿತ್ರ. ಒಂದೊಂದು ಮನೆಯ ಮಾಡಿನ ಮೇಲೂ ಹತ್ತು ಅಂತ ಬರೆದಿದೆ. ಕೆಳಗೆ ಎರಡು ಕಿಟಕಿ. ಎರಡೂ ಕಿಟಕಿಯ ಸಂಖ್ಯೆ ಕೂಡಿಸಿದರೆ ಮಾಡಿನ ಮೇಲಿನ ಹತ್ತು ಬರಬೇಕು. ಒಂದು ಕಿಟಕಿಯಲ್ಲಿ ಟೀಚರ್ ಬರೆದಿದ್ದರು, ಇನ್ನೊಂದನ್ನು ಮಕ್ಕಳು ತುಂಬಬೇಕು. ಬಾಬಿನ್ ಆರರ ಪಕ್ಕ ಮೂರು ಬರೆದಿದ್ದ. ಏಳರ ಪಕ್ಕ ಎರಡು. ಐದರ ಪಕ್ಕ ನಾಲ್ಕು. ಎಂಟು ಮನೆಗೂ ಕೆಂಪು ಗೆರೆ ಬಿದ್ದಿತ್ತು. ಅಡಿಯಲ್ಲಿ ಟೀಚರ್ ಬರೆದಿದ್ದರು: ‘ಇದು ಮೂರನೇ ಸಲ. ನಾಳೆಯೂ ತಪ್ಪಾದರೆ ತಾಯಿಯವರು ಬಂದು ಕಾಣಬೇಕು.’

“ಕ್ಲಾಸಲ್ಲಿ ಎಲ್ಲರೂ ನನ್ನ ಒಂದ್ ಕಮ್ಮಿ ಅಂತಾರೆ,” ಅಂದ ಬಾಬಿನ್. “ಒಂದ್ ಕಮ್ಮಿ ಬಂದ, ಒಂದ್ ಕಮ್ಮಿ ಹೋದ ಅಂತ. ಟೀಚರೂ ನಕ್ಕರು.”

“ಟೀಚರ್ ಯಾಕೆ ನಗ್ತಾರೆ?”

“ಮೊದಲು ಬೈದರು. ಆಮೇಲೆ ಹಿಂದಿನ ಬೆಂಚಿನವನು ಒಂದ್ ಕಮ್ಮಿ ಅಂದ, ಆಗ ನಕ್ಕರು. ಆಮೇಲೆ ಸಾರಿ ಅಂದರು.”

ಸೂಜಿ ಒಳಕೋಣೆಯ ಕಡೆ ನೋಡಿದಳು. ಅಮ್ಮ ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅಮ್ಮನನ್ನು ಸ್ಕೂಲಿಗೆ ಕರೆಸುವುದೆಂದರೆ ಆಗದ ಮಾತು. ಇದ್ದ ಕೆಲಸಕ್ಕೇ ಅವಳು ಸೋತು ಹೋಗಿದ್ದಾಳೆ.

“ನನ್ನ ಮುಂದೆ ಮಾಡು. ಎಲ್ಲಿ ತಪ್ಪುತ್ತೆ ನೋಡೋಣ.”

ಬಾಬಿನ್ ಬ್ಯಾಗಿನಿಂದ ಪೆಪ್ಪರ್‌ಮಿಂಟ್ ಡಬ್ಬಿ ತೆಗೆದ. ಅದರಲ್ಲಿ ಲೆಕ್ಕಕ್ಕೆ ಅಂತಲೇ ತಾತ ಆರಿಸಿಕೊಟ್ಟಿದ್ದ ಹತ್ತು ದೊಡ್ಡ ಕೋಟಿನ ಗುಂಡಿಗಳಿದ್ದವು. ಗುಂಡಿಗಳನ್ನು ನೆಲಕ್ಕೆ ಸುರಿದು, ಆರನ್ನು ಒಂದು ಕಡೆ ಸರಿಸಿ, ಉಳಿದವನ್ನು ಬೆರಳಿಟ್ಟು ಎಣಿಸಿದ. “ಒಂದು, ಎರಡು, ಮೂರು. ನೋಡು, ಮೂರೇ.”

ಸೂಜಿ ಎಲ್ಲವನ್ನೂ ಗುಡ್ಡೆ ಮಾಡಿ ಎಣಿಸಿದಳು. ಮತ್ತೊಂದು ಸಲ ಎಣಿಸಿದಳು.

“ಲೋ, ಇಲ್ಲಿ ಒಂಬತ್ತೇ ಇದೆ. ನೀನು ಸರಿಯಾಗೇ ಎಣಿಸಿದ್ದೀಯ. ಗುಂಡಿನೇ ಕಮ್ಮಿ ಇದೆ. ಇನ್ನೊಂದನ್ನ ಎಲ್ಲಿ ಕಳೆದೆ?”

“ಕಳೆದಿಲ್ಲ.”

“ಮತ್ತೆ?”

ಬಾಬಿನ್ ಗುಂಡಿಗಳನ್ನು ಬಾಚಿ ಡಬ್ಬಿಗೆ ತುಂಬತೊಡಗಿದ. ಸೂಜಿ ಅವನ ಕೈ ಹಿಡಿದಳು.

“ತಾತನ ಹತ್ರ ಇದೆ,” ಅಂದ ಅವನು ಸಣ್ಣಗೆ. “ಅವತ್ತು ಅವರ ಕೋಟಿನ ಜೇಬಿಗೆ ಹಾಕಿದೆ. ತಾತನ ಜೇಬಲ್ಲಿ ಯಾವಾಗಲೂ ಏನಾದರೂ ಇರ್ತಿತ್ತಲ್ವಾ. ಅವತ್ತು ಏನೂ ಇರಲಿಲ್ಲ.”

ತಾತನನ್ನು ಮಲಗಿಸಿದ್ದ ದಿನ ಸೂಜಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಮನೆ ತುಂಬ ಜನ, ಎಲ್ಲರ ಕಣ್ಣಲ್ಲೂ ನೀರು. ಇವನು ಯಾವಾಗ ನುಗ್ಗಿ ಹೋಗಿದ್ದ, ಯಾವಾಗ ವಾಪಸ್ ಬಂದ, ಯಾರೂ ನೋಡಿರಲಿಲ್ಲ. ಅವಳು ಈಗಷ್ಟೇ ಬಿಚ್ಚಿದ ಬಿಳಿ ಗುಂಡಿಯೊಂದನ್ನು ಅವನ ಮುಂದೆ ಹಿಡಿದಳು.

“ಇದನ್ನ ಸೇರಿಸ್ಕೋ. ಹತ್ತಾಗುತ್ತೆ.”

“ಬೇಡ. ಅದು ಆ ಶರ್ಟಿಂದು.”

ಅವಳು ಬಲವಂತ ಮಾಡಲಿಲ್ಲ. ಸ್ವಲ್ಪ ಹೊತ್ತು ಬ್ಲೇಡಿನ ಬೆನ್ನಿನಿಂದ ನೆಲ ಕೆರೆಯುತ್ತ ಕೂತಳು. ಆಮೇಲೆ ಅವಳಿಗೆ ತಾತನ ಆಟ ನೆನಪಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾತ ಕೆಲವು ಗುಂಡಿಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು, ಉಳಿದವನ್ನು ಮೇಜಿನ ಮೇಲೆ ಹರಡುತ್ತಿದ್ದರು. “ಒಟ್ಟು ಹತ್ತು. ಹೊರಗಿರೋದು ಕಾಣ್ತಿದೆ. ಕೈಯೊಳಗೆ ಎಷ್ಟು?” ಬಾಬಿನ್ ಯಾವತ್ತೂ ಉತ್ತರ ಹೇಳಿದವನಲ್ಲ. ಸೀಮೆಸುಣ್ಣ ಮೆತ್ತಿದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಳಗೆ ಇಣುಕಿ ಎಣಿಸುತ್ತಿದ್ದ. “ಕಳ್ಳ,” ಅನ್ನುತ್ತಿದ್ದರು ತಾತ. ಆದರೆ ಬೆರಳನ್ನು ಬಿಗಿ ಹಿಡಿಯುತ್ತಿರಲಿಲ್ಲ.

ಸೂಜಿ ಒಂಬತ್ತೂ ಗುಂಡಿಗಳನ್ನು ಸಾಲಾಗಿ ಇಟ್ಟಳು. “ಹೊರಗೆ ಒಂಬತ್ತು. ತಾತನ ಹತ್ರ?”

“ಒಂದು.”

“ಸೇರಿ?”

“ಹತ್ತು.”

ಅವಳು ಮೂರನ್ನು ಮುಷ್ಟಿಯೊಳಗೆ ಹಾಕಿಕೊಂಡಳು. “ಈಗ ಹೊರಗೆ ಆರು. ಕಾಣದೇ ಇರೋದೆಲ್ಲ ಸೇರಿ ಎಷ್ಟು? ನನ್ನ ಕೈದೂ, ತಾತಂದೂ.”

ಬಾಬಿನ್ ಅವಳ ಬೆರಳಿಗೆ ಕೈ ಹಾಕಲು ಬಂದ. ಅರ್ಧಕ್ಕೇ ನಿಲ್ಲಿಸಿದ. ತುಟಿ ಅಲ್ಲಾಡಿತು. “ನಾಲ್ಕು.”

“ಹೊರಗೆ ಐದು?”

“ಐದು.”

“ಹೊರಗೆ ಎಂಟು?”

“ಎರಡು. ಅದ್ರಲ್ಲಿ ಒಂದು ತಾತಂದು.”

ಕೆಂಪು ಗೆರೆ ಬಿದ್ದ ಎಂಟು ಮನೆಗಳನ್ನೂ ಅವನು ಮತ್ತೆ ಬರೆದ. ಒಂದೂ ತಪ್ಪಲಿಲ್ಲ. ಆದರೂ ಅವನ ಮುಖ ಅರಳಲಿಲ್ಲ. ಯಾರದೋ ಸಾಮಾನನ್ನು ಎಣಿಸಿ ಒಪ್ಪಿಸಿದವನ ಹಾಗೆ ಪುಸ್ತಕ ಮುಚ್ಚಿಟ್ಟ.

ಸೂಜಿ ಬ್ಲೇಡ್ ಎತ್ತಿಡಲು ಮೆಷಿನ್ನಿನ ಡ್ರಾ ಎಳೆದಳು. ದಾರದ ಉಂಡೆಗಳ ಕೆಳಗೆ ಆ ಕವರ್ ಇತ್ತು. ಹತ್ತು ವಾರದಿಂದ ಅಲ್ಲೇ ಇದೆ. ಅಂಟಿಸಿದೆ, ಸ್ಟಾಂಪ್ ಹಚ್ಚಿದೆ, ಅಮ್ಮನ ಅಕ್ಷರದಲ್ಲಿ ಅಪ್ಪನ ವಿಳಾಸವೂ ಇದೆ: ಎದೆರೋಗದ ಆಸ್ಪತ್ರೆ, ಮೂರನೇ ವಾರ್ಡು, ಹದಿನೇಳನೇ ಮಂಚ.

ಅಪ್ಪ ಅಲ್ಲಿಗೆ ಸೇರಿ ಎಂಟು ತಿಂಗಳು. ರೈಲಿನಲ್ಲಿ ಒಂದು ಹಗಲು ಪೂರ್ತಿ ಹೋಗಬೇಕು. ಮಕ್ಕಳನ್ನು ಒಳಗೆ ಬಿಡುವುದಿಲ್ಲ, ವಾರ್ಡಿನಲ್ಲಿ ಫೋನೂ ಇಲ್ಲ. ತಾತ ಹೋದ ದಿನ ಅಮ್ಮ ಪಕ್ಕದ ಮನೆಯ ಫೋನಿನಿಂದ ಡಾಕ್ಟರಿಗೆ ಹೇಳಿದ್ದಳು. “ಅವರ ಸ್ಥಿತಿ ಸರಿ ಇಲ್ಲ. ಈಗಲೇ ಈ ಸುದ್ದಿ ಬೇಡಮ್ಮ,” ಅಂದಿದ್ದರಂತೆ ಅವರು. ಅವತ್ತೇ ಅಮ್ಮ ಸುದ್ದಿ ತಿಳಿಸುವ ಆ ಕಾಗದ ಬರೆದಿಟ್ಟಳು. ಹಾಕುವುದಕ್ಕೆ ಮಾತ್ರ ಕೈ ಬರಲಿಲ್ಲ. ಆಮೇಲೆ ಆಸ್ಪತ್ರೆಗೂ ಹೋಗಲಿಲ್ಲ. ನನ್ನ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತೆ ಅನ್ನುತ್ತಿದ್ದಳು. ವಾರ ವಾರ ಬೇರೆ ಕಾಗದ ಬರೆದಳು: ನಾನು ಚೆನ್ನಾಗಿದ್ದೇನೆ, ಮಕ್ಕಳು ಚೆನ್ನಾಗಿದ್ದಾರೆ. ತಾತನ ಬಗ್ಗೆ ಸುಳ್ಳು ಬರೆಯಲಿಲ್ಲ. ಏನೂ ಬರೆಯಲಿಲ್ಲ.

ಅಮ್ಮ ಬಂದು ಮೆಷಿನ್ನಿನ ಮುಂದೆ ಕೂತಳು. ಬಾಬಿನ್ ಅವಳ ಮುಂದೆ ಆರು ಗುಂಡಿಗಳನ್ನು ಇಟ್ಟು ಮುಷ್ಟಿ ಚಾಚಿದ.

“ಅಮ್ಮ, ಒಟ್ಟು ಹತ್ತು. ಕೈಯೊಳಗೆ ಎಷ್ಟು?”

“ನಾಲ್ಕು,” ಅಂದಳು ಅಮ್ಮ, ಮೆಷಿನ್ನಿನ ಸೂಜಿಗೆ ದಾರ ಪೋಣಿಸುತ್ತ.

ಬಾಬಿನ್ ಮುಷ್ಟಿ ಬಿಚ್ಚಲಿಲ್ಲ. “ಕರೆಕ್ಟ್,” ಅಂದು ಅಕ್ಕನ ಕಡೆ ನೋಡಿದ.

“ನೋಡದೇನೇ ಹೇಗೆ ಹೇಳಿದೆ?”

“ನೋಡೋದೇನಿದೆ? ಒಟ್ಟು ಎಷ್ಟು ಅಂತ ಗೊತ್ತು. ಹೊರಗಿರೋದು ಕಾಣ್ತಿದೆ. ಬಚ್ಚಿಟ್ಟಿದ್ದು ತಾನಾಗೇ ಗೊತ್ತಾಗುತ್ತೆ.”

ಮೆಷಿನ್ ಓಡಿತು, ನಿಂತಿತು, ಓಡಿತು.

ಸೂಜಿ ಡ್ರಾ ಹಿಡಿದುಕೊಂಡೇ ನಿಂತಿದ್ದಳು. ಗೋಡೆಯ ಮೇಲೆ ತಾತ ರಸೀದಿಗಳನ್ನು ಚುಚ್ಚಿಡುತ್ತಿದ್ದ ತಂತಿ ಇತ್ತು. ಈಗ ಅದರಲ್ಲಿ ಅಪ್ಪನ ಕಾಗದಗಳು. ಅವಳು ಸ್ಟೂಲ್ ಹತ್ತಿ ಅವನ್ನು ಕೆಳಗಿಳಿಸಿ, ಹಳೆಯದರಿಂದ ಓದತೊಡಗಿದಳು. ಅವುಗಳಲ್ಲಿ ‘ಅಪ್ಪ’ ಅಂದರೆ ತಾತ.

‘ಅಪ್ಪನ ಕಣ್ಣು ತೋರಿಸಿದಿರಾ? ಹೊಸ ಕನ್ನಡಕ ಬಂತಾ?’ ಇದು ಒಂಬತ್ತು ವಾರದ ಹಿಂದಿನದು.

‘ಅಪ್ಪ ಯಾಕೆ ಎರಡು ಸಾಲು ಬರೆಯಲಿಲ್ಲ?’ ಇದು ಅದರ ಮುಂದಿನದು.

‘ಅಪ್ಪನ ವಿಷಯ ಬರೆ, ಮರೆಯಬೇಡ.’

ನಾಲ್ಕನೆಯದರಲ್ಲಿ ತಾತನ ಸುದ್ದಿಯೇ ಇಲ್ಲ. ಐದನೆಯದರಲ್ಲೂ ಇಲ್ಲ. ಮೊನ್ನೆ ಬಂದ ಕೊನೆಯ ಕಾಗದವನ್ನು ಸೂಜಿಯೇ ಗಟ್ಟಿಯಾಗಿ ಓದಿ ಹೇಳಿದ್ದಳು. ‘ಈಗ ಒಂದು ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಡಾಕ್ಟರು ಖುಷಿಯಾಗಿದ್ದಾರೆ. ನೀವು ಮೂವರೂ ಹುಷಾರಾಗಿರಿ.’

ಆ ಸಾಲಿನ ಮೇಲೆ ಅವಳು ಬೆರಳಿಟ್ಟಳು.

“ಅಮ್ಮ,” ಅಂದಳು. “ಅಪ್ಪ ಮೂವರು ಅಂತ ಬರೆದಿದ್ದಾರೆ.”

“ಹೂಂ. ಮೂವರೇ ತಾನೇ ನಾವು. ನಾನು, ನೀವಿಬ್ರು...”

ಅಮ್ಮನ ಕಾಲು ನಿಂತಿತು. ಮೆಷಿನ್ನಿನ ಚಕ್ರ ಇನ್ನೂ ಒಂದು ಸುತ್ತು ತಾನೇ ತಿರುಗಿ ನಿಂತಿತು.

ಅಪ್ಪ ಆಸ್ಪತ್ರೆಗೆ ಹೋದಾಗ ಇಲ್ಲಿ ತಾತನೂ ಸೇರಿ ನಾಲ್ಕು ಜನ ಉಳಿದಿದ್ದರು.

“ಕೊಡು,” ಅಂದಳು ಅಮ್ಮ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದಿನದನ್ನೂ ಕೇಳಿದಳು. ಅದರಲ್ಲೂ ಮೂವರು. ನಾಲ್ಕನೆಯದರವರೆಗೂ ಎಲ್ಲದರಲ್ಲೂ ಮೂವರು. ಅಮ್ಮ ಅಳಲಿಲ್ಲ. ಅಷ್ಟನ್ನೂ ಒಂದರ ಮೇಲೊಂದು ಜೋಡಿಸಿ, ಅಂಚು ಸರಿ ಮಾಡಿ, ಮತ್ತೆ ಅಂಚು ಸರಿ ಮಾಡಿದಳು.

“ಆರು ವಾರದಿಂದ ಗೊತ್ತಿದೆ ಅವರಿಗೆ,” ಅಂದಳು ಕೊನೆಗೆ. “ಪೋಸ್ಟ್ ಡಬ್ಬ ಎಷ್ಟೊತ್ತಿಗೆ ತೆಗೀತಾರೆ?”

“ಐದೂವರೆಗೆ.”

ಗಡಿಯಾರದಲ್ಲಿ ಐದು ದಾಟಿತ್ತು. ಅಮ್ಮ ಡ್ರಾದಿಂದ ಕವರ್ ತೆಗೆದಳು. ಅದಕ್ಕೆ ಅಂಟಿದ್ದ ದಾರದ ಎಳೆಯನ್ನು ಉಗುರಿನಿಂದ ಕಿತ್ತಳು. ಅರ್ಧ ಹೊಲಿದ ಪ್ಯಾಂಟು ಮೆಷಿನ್ನಿನ ಸೂಜಿಯ ಕೆಳಗೇ ಉಳಿಯಿತು.

ಪೋಸ್ಟ್ ಡಬ್ಬ ಬೀದಿಯ ತುದಿಯಲ್ಲಿ, ಬೀಗ ಹಾಕಿದ ಗೋದಾಮಿನ ಗೋಡೆಗೆ ಇತ್ತು. ಮೂವರೂ ಹೊರಟರು. ಎಲ್ಲೂ ನೆಟ್ಟಗೆ ನಡೆಯದ ಬಾಬಿನ್ ಇವತ್ತು ಅಮ್ಮನ ಸೆರಗು ಹಿಡಿದು ಪಕ್ಕದಲ್ಲೇ ನಡೆದ. ಅವನ ಇನ್ನೊಂದು ಕೈಯಲ್ಲಿ ಪೆಪ್ಪರ್‌ಮಿಂಟ್ ಡಬ್ಬಿ ಕಟಕಟ ಅನ್ನುತ್ತಿತ್ತು.

ಡಬ್ಬದ ಬಾಯಿಯೊಳಗೆ ಕವರಿನ ಅರ್ಧ ಹೋಯಿತು. ಇನ್ನರ್ಧ ಅಮ್ಮನ ಬೆರಳಲ್ಲೇ ನಿಂತಿತು.

“ಓದಿ ಅಪ್ಪ ಅಳ್ತಾರಾ?” ಅಂತ ಕೇಳಿದ ಬಾಬಿನ್.

“ಆಗಲೇ ಅತ್ತಿರ್ತಾರೆ ಕಣೋ,” ಅಂದಳು ಅಮ್ಮ.

ಸೂಜಿಗೆ ಹದಿನೇಳನೇ ಮಂಚ ಕಾಣಿಸಿತು. ನೋಡಿದ ಮಂಚವಲ್ಲ, ಆದರೂ ಕಾಣಿಸಿತು. ಅಪ್ಪ ಮಡಿಲಲ್ಲಿ ಇವರ ಕಾಗದ ಇಟ್ಟುಕೊಂಡು ಕೂತಿದ್ದಾರೆ. ನಾನು, ಮಕ್ಕಳು. ನಾನು, ಮಕ್ಕಳು. ಎಷ್ಟು ಸಲ ಎಣಿಸಿದರೂ ಮೂರೇ ಬರುತ್ತಿದೆ. ಕೇಳಿದರೆ ಇವರು ಸುಳ್ಳು ಬರೆಯಬೇಕಾಗುತ್ತದೆ ಅಂತ ಅವರು ಕೇಳುವುದನ್ನೇ ಬಿಟ್ಟಿದ್ದಾರೆ. ಇಲ್ಲಿ ಇವರೊಂದು ಮುಷ್ಟಿ ಮುಚ್ಚಿಕೊಂಡಿದ್ದಾರೆ, ಅಲ್ಲಿ ಅವರೊಂದು. ಇಲ್ಲಿ ಮೂರು ಜನ ಒಟ್ಟಿಗಿದ್ದಾರೆ. ಅಲ್ಲಿ ಅವರೊಬ್ಬರೇ.

ಅವಳು ಅಮ್ಮನ ಕೈ ಮೇಲೆ ತನ್ನ ಕೈ ಇಟ್ಟಳು. ಬೆರಳು ಬಿಡಿಸಲು ಹೋಗಲಿಲ್ಲ, ಸುಮ್ಮನೆ ಇಟ್ಟಳು.

ಸ್ವಲ್ಪ ಹೊತ್ತಿಗೆ ಅಮ್ಮ ತಾನೇ ಬೆರಳು ಸಡಿಲ ಮಾಡಿದಳು. ಕವರ್ ಒಳಗೆ ಬಿದ್ದ ಸದ್ದು ಮೂವರಿಗೂ ಕೇಳಿಸಿತು.