ಗೇರ್ ಇಲ್ಲದ ಮಗ್ಗ

"ಖರೇ ಹೇಳ್ರಿ... ಈ ಮಗ್ಗ ದಿನಾ ಯಾರು ತಿರಗಸ್ತಾರ?"

ಶೀತಲ ಗಾಬರಿಯಿಂದ ಮನೆಯ ಬಾಗಿಲ ಕಡೆ ನೋಡಿದಳು.

ಕೇಳಿದವನು ಶುಭಮ, ಇಚಲಕರಂಜಿಯ ಆ ಗಲ್ಲಿಯಲ್ಲಿ ಮಗ್ಗ ರಿಪೇರಿ ಮಾಡುವವನು. ಎರಡು ವರ್ಷದಿಂದ ಅವಳೊಂದಿಗೆ ಬರೀ ಕಣ್ಣಲ್ಲೇ ಮಾತಾಡಿದವನು, ಅವಳ ಮನೆಯ ಶೆಡ್ಡಿನೊಳಗೆ ಕಾಲಿಟ್ಟದ್ದು ಇದೇ ಮೊದಲು.

"ಕರೆಂಟ್ ತಗದು ವರ್ಷ ಆಗೇತಿ. ಗೇರಿಗೆ ನೋಡಿದ್ರ ಹೊಸಾ ಎಣ್ಣಿ!"

"ನಾನ... ಕೈಲೆ ತಿರಗಸ್ತೇನ್ರಿ," ಎಂದು ಪಿಸುಗುಟ್ಟಿದಳು.

ಅಪ್ಪ ಅಪ್ಪಣ್ಣ ತೀರಿಕೊಂಡ ಮೇಲೆ ಅವ್ವ ಚೆನ್ನವ್ವ ಊಟ ಬಿಟ್ಟಿದ್ದಳು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಶೀತಲ ಅಪ್ಪನ ಮಗ್ಗವನ್ನು ಸುಮ್ಮನೆ ತಿರುಗಿಸಿದ್ದಳು. ಖಟಕ್... ಖಟಕ್... "ನಿಮ್ಮಪ್ಪ ಬಂದಾರ!" ಎಂದು ಅವ್ವ ತಾನೇ ತಾಟು ಎಳೆದುಕೊಂಡಳು. ಅಂದಿನಿಂದ ದಿನವೂ ಅದೇ.

ಈಗ ಗೇರಿನ ಹಲ್ಲು ಮುರಿದು ಮೂರು ದಿನ. ಅವ್ವನ ಬಾಯಿಗೆ ತುತ್ತು ಇಳಿದಿಲ್ಲ.

"ಅವ್ವ ಕೇಳಿದ್ರ, ಅಪ್ಪನ ತಿರಗಸ್ತಾನ ಅನ್ರಿ. ಅಷ್ಟ ಸಾಕು."

"ರಿಪೇರಿ ಮಾಡಿ ಕೊಡ್ತೇನಿ. ಸುಳ್ಳ ಹೇಳಾಂಗಿಲ್ಲ. ಬುದ್ಧನ ಮುಂದ ಪಂಚಶೀಲ ತಗೊಂಡೇನಿ."

"ಮುದಕಿ ಉಪಾಸ ಸತ್ರ ನಿಮ್ಮ ಶೀಲಕ್ಕ ಸಮಾಧಾನೇನ್ರಿ?"

ಶುಭಮ ಮುರಿದ ಗೇರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. "ಗಡಹಿಂಗ್ಲಜದಾಗ ಮಾಮಾನ ಲೇಥ್ ಮಶೀನ ಐತಿ, ಹೊಸಾ ಗೇರ್ ಕಡಸ್ಕೊಂಡು ನಾಳೆ ಬರ್ತೇನಿ," ಎಂದು ಹೊರಟೇಹೋದ.

ಸಂಜೆಯಾಯಿತು. ಶೀತಲ ದೀಪ ಹಚ್ಚಿದಳಷ್ಟೇ...

ಖಟಕ್... ಖಟಕ್...

"ಬಂದಾರ!" ಅವ್ವನ ಮುಖ ಅರಳಿತು. "ರೊಟ್ಟಿ ಹಾಕ ಮಗಳ, ಭಾಳ ಹಸಿವ್ಯಾಗೇತಿ."

ಎಲ್ಲಿಂದಲೋ ಅಪ್ಪನ ತಂಬಾಕಿನ ವಾಸನೆ ತೇಲಿ ಬಂತು. ಶೀತಲ ಅದನ್ನು ಲೆಕ್ಕಿಸಲಿಲ್ಲ. 'ನಾಳೆ ಅಂದಾವ ಇವತ್ತ ಬಂದಾನ! ನನ್ನ ಸಲುವಾಗಿ ಪಂಚಶೀಲ ಮುರದಾನ!' ಬಡಿಸುತ್ತ ಬಡಿಸುತ್ತ ಅವಳ ಕಣ್ಣು ತುಂಬಿತು.

ಮರುದಿನ ಅವನು ಶೆಡ್ಡಿನ ಬಾಗಿಲಿಗೆ ಬರುತ್ತಿದ್ದಂತೆ ಅವಳಿಗೆ ತಡೆಯಲಾಗಲಿಲ್ಲ.

"ನಿನ್ನೆ ನೀವು ಮಾಡಿದ್ದು ಜನ್ಮದಾಗ ಮರಿಯಾಂಗಿಲ್ರಿ. ನಾ... ನಿಮ್ಮನ್ನ ಬಿಟ್ಟು ಯಾರನ್ನೂ ಮದುವಿ ಆಗಾಂಗಿಲ್ಲ!"

"ನಿನ್ನೆ?"

"ಸಂಜಿಗೆ ಮಗ್ಗ ತಿರಗಿಸಿದ್ರಲಾ..."

ಶುಭಮನ ಮುಖ ಬಿಳಿಚಿತು. ಹೌದು ಎಂದರೆ ಸಾಕು, ಇವಳು ತನ್ನವಳು. ಎರಡು ವರ್ಷ ಕಾದದ್ದು ಈ ಮಾತಿಗೇ ಅಲ್ಲವೇ!

ಅವನು ನಿಧಾನವಾಗಿ ಚೀಲಕ್ಕೆ ಕೈ ಹಾಕಿದ. ಕಾಗದ ಬಿಚ್ಚಿದ. ಹೊಸ ಗೇರ್ ಅವನ ಅಂಗೈಮೇಲಿತ್ತು.

"ನಾ ಅಲ್ಲ, ಶೀತಲ. ಈಗ ಎಸ್ಟಿ ಬಸ್ ಇಳದ ಬರಾಕತ್ತೇನಿ."

ಇಬ್ಬರೂ ಮಗ್ಗದ ಕಡೆ ನೋಡಿದರು. ಗೇರ್ ಇರಬೇಕಾದ ಜಾಗ ಖಾಲಿಯಿತ್ತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಕೈ ಚಾಚಿ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು.

"ಹೂಂ ಅಂದ್ಬಿಟ್ಟಿದ್ರ ನನಗೇನ ಗೊತ್ತಾಗ್ತಿತ್ರಿ?"

"ನನಗ ಗೊತ್ತಿರತಿತ್ತಲ್ಲ."

"ನಾ ಅಂದ ಮಾತು ಹಿಂದ ತಗೋಳಾಂಗಿಲ್ಲ... ಈಗರ ನಂಬ್ತೀರೇನು, ಅಪ್ಪ ಬರ್ತಾನಂತ?"

"ಇಲ್ಲ." ಅವನು ಮೆಲ್ಲಗೆ ನಕ್ಕ. "ಆದ್ರ ನಿಮ್ಮವ್ವನ ಮಾತು ಸುಳ್ಳ ಅಂತ ನಾ ಅನ್ನಾಂಗಿಲ್ಲ. ಮದುವಿಗೆ ನಿನ್ನ ಕೇಳಾಕ ಅವರ ಹಂತ್ಯಾಕ ಹೋಗ್ತೇನಿ..."

"ಮತ್ತ ಅಪ್ಪನ್ನ?"

ಶುಭಮ ಮಗ್ಗದ ಮುಂದೆ ಚಪ್ಪಲಿ ಬಿಟ್ಟು ನಿಂತ.

"ಅವರನ್ನೂ ಕೇಳೇ ಗೇರ್ ಹಾಕ್ತೇನಿ."